ಗಂಗಾಂಬಿಕಾ ಆಂಟಿಯ ಗಂಟೆಯ ದರ

ವೇದಿಕೆಯ ಮೇಲಿರುವ ನಮ್ಮ ಕನ್ನಡ ಬಳಗದ ಅಧ್ಯಕ್ಷರಾದ ವೇಣುಗೋಪಾಲ ಅಂಕಲ್ ಅವರೇ, ಎಲಿಕಾಟ್ ಸಿಟಿಯಿಂದ ನಸುಕಿನಲ್ಲೇ ಹೊರಟು ಡ್ರೈವ್ ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿ ರೇಣುಕಾದೇವಿ ಆಂಟಿ ಅವರೇ, ಇಂದು ಸನ್ಮಾನ ಸ್ವೀಕರಿಸಲಿರುವ ನನ್ನ ಫ್ಲೈಟ್ ಇನ್‌ಸ್ಟ್ರಕ್ಟರ್ ಗಂಗಾಂಬಿಕಾ ಆಂಟಿ ಅವರೇ, ಬಿಸಿಬೇಳೆಬಾತಿನ ವಾಸನೆ ಬರುತ್ತಿದ್ದರೂ ಎದ್ದುಹೋಗದೆ ಕುಳಿತಿರುವ ಸಭಿಕರೇ,

ನಾನು ಯಾಮಿನಿ. ಕಾಲೇಜಿನಲ್ಲಿ ಮೊದಲ ವರ್ಷ. ಅಪ್ಪ ಈ ದೇಶಕ್ಕೆ, ರಿಸರ್ಚ್ ಟ್ರಯಾಂಗಲ್ ಪಾರ್ಕಿಗೆ ಕೆಲಸಕ್ಕೆ ಬಂದಾಗ ನನ್ನನ್ನು ಹಾಸನದ ಹಾಸ್ಟೆಲ್ಲಿನಲ್ಲಿ ಬಿಟ್ಟುಬಂದಿದ್ದರು. ಹೋದ ವರ್ಷ ಕರೆಸಿಕೊಂಡರು. ಹಾಗಾಗಿ ನನ್ನ ಕನ್ನಡ ಅರ್ಧ ಇಂಗ್ಲಿಷ್, ಇನ್ನರ್ಧ ವಾರ್ಡನ್ ಮೇಡಂ ಅವರದ್ದು. ತಪ್ಪಿದ್ದರೆ ಕ್ಷಮಿಸಬೇಕು.

ಅಧ್ಯಕ್ಷರು ನನಗೆ ಒಂದು ಮಾತು ಹೇಳಿದ್ದಾರೆ. "ಹಣದ ವಿಷಯ ಮಾತ್ರ ಎತ್ಬೇಡಮ್ಮ, ಇದು ಸನ್ಮಾನ. ನಿಸ್ವಾರ್ಥ ಸೇವೆ ಅಂತ ಎರಡು ಮೂರು ಸಲ ಹೇಳ್ಬಿಡು, ಸಾಕು." ಆದ್ದರಿಂದ ನಾನು ಹಣದ ವಿಷಯ ಎತ್ತುವುದಿಲ್ಲ. ಸೇವೆಯ ವಿಷಯವನ್ನೇ ಹೇಳುತ್ತೇನೆ.

ಸೇವೆ ಎಂದರೇನು? ಆಂಟಿ ಯಾವ ಫ್ಲೈಯಿಂಗ್ ಸ್ಕೂಲಿಗೂ ಸೇರಿದವರಲ್ಲ, ಸ್ವತಂತ್ರವಾಗಿ ಪಾಠ ಹೇಳುವವರು. ವಿಮಾನವನ್ನು ನಾವು ಕ್ಲಬ್ಬಿನಿಂದ ಬಾಡಿಗೆಗೆ ತೆಗೆದುಕೊಳ್ಳುತ್ತೇವೆ, ಆಂಟಿಗೆ ಬೇರೆಯಾಗಿ ಕೊಡುತ್ತೇವೆ. ವಿಮಾನದ ಬಾಡಿಗೆಗೆ ನಮ್ಮವರು ಯಾರೂ ಚೌಕಾಸಿ ಮಾಡಿಲ್ಲ. ಪೆಟ್ರೋಲಿಗೂ ಮಾಡಿಲ್ಲ. ಯಾಕೆಂದರೆ ವಿಮಾನ ಕನ್ನಡದ್ದಲ್ಲ.

ಆಂಟಿಯ ತಂದೆ ಇಳಕಲ್ಲಿನಲ್ಲಿ ಹಾರ್ಮೋನಿಯಂ ಪಾಠ ಹೇಳುತ್ತಿದ್ದವರು. ಯಾರ ಬಳಿಯೂ ಬಾಯಿಬಿಟ್ಟು ಫೀಸು ಕೇಳಿದವರಲ್ಲ. ಆಂಟಿಯೂ ಮೊದಮೊದಲು ಹಾಗೇ. ದರ ಎಷ್ಟು ಎಂದು ಕೇಳಿದರೆ, "ನಿಮಗ ತಿಳಿದಷ್ಟು ಕೊಡ್ರಿ" ಎನ್ನುತ್ತಿದ್ದರು. ನಮಗೆ ತಿಳಿದದ್ದು ಬಹಳ ಕಡಿಮೆ. ಒಬ್ಬ ಅಂಕಲ್, ಹೆಸರು ಬೇಡ, ಇವತ್ತು ನೀಲಿ ಜುಬ್ಬ ಹಾಕಿದ್ದಾರೆ, ಎಲೆ ಅಡಿಕೆಯ ಜೊತೆ ಐವತ್ತೊಂದು ಡಾಲರ್ ತಟ್ಟೆಯಲ್ಲಿಟ್ಟು ಆಂಟಿಯ ಕಾಲಿಗೇ ನಮಸ್ಕಾರ ಮಾಡಿದರು. ಅದು ಮೂರು ಪಾಠಗಳಿಗೆ. ಕಾಲು ಹಿಡಿದವರ ಹತ್ತಿರ ಬಾಕಿ ಕೇಳುವುದು ಹೇಗೆ, ನೀವೇ ಹೇಳಿ?

ನಮ್ಮಪ್ಪ ಹಾಗಲ್ಲ, ವ್ಯವಹಾರಸ್ಥರು. ಮೊದಲ ದಿನವೇ ಗಂಟೆಗೆ ನಲವತ್ತೈದಕ್ಕೆ ಒಪ್ಪಿಸಿದರು. "ನಮ್ಮೋರೇ ಅಲ್ವಾ ಮೇಡಂ, ಮಗು ಸ್ಟೂಡೆಂಟು" ಎಂದರು. ಮನೆಗೆ ಬಂದು ಅಮ್ಮನಿಗೆ ಹೇಳುವಾಗ ಅವರ ಮುಖದಲ್ಲಿ ಕ್ರಿಕೆಟ್ ಮ್ಯಾಚ್ ಗೆದ್ದ ಕಳೆ ಇತ್ತು. ಅಮ್ಮ ಆಂಟಿಗೆ ಒಂದು ಡಬ್ಬ ಚಕ್ಕುಲಿ ಕಳಿಸಿದರು. ಅಮ್ಮನಿಗೆ ಯಾಕೋ ಸಮಾಧಾನ ಇರಲಿಲ್ಲ ಎಂದು ಕಾಣುತ್ತದೆ.

ನನ್ನ ತಮ್ಮನ ಟೆನಿಸ್ ಕೋಚು ಗಂಟೆಗೆ ತೊಂಬತ್ತು ತೆಗೆದುಕೊಳ್ಳುತ್ತಾನೆ. ಮಳೆ ಬಂದರೂ ಕೊಡಬೇಕು. "ಪ್ರೊಫೆಷನಲ್ ಅಂದ್ರೆ ಹಿಂಗಿರ್ಬೇಕು ನೋಡು" ಎಂದು ಅಪ್ಪ ಹೊಗಳುತ್ತಾರೆ. ಮಂಜು ಬಿದ್ದು ಹಾರಲಾಗದ ಒಂದು ಶನಿವಾರ ಆಂಟಿ ನನ್ನನ್ನು ಬೋರ್ಡಿನ ಮುಂದೆ ನಿಲ್ಲಿಸಿ, ಎಂಜಿನ್ ಆಕಾಶದಲ್ಲಿ ನಿಂತರೆ ಯಾವ ಹೊಲದಲ್ಲಿ ಇಳಿಯಬೇಕು, ಯಾಕೆ, ಎಂದು ಎರಡು ಗಂಟೆ ಪಾಠ ಹೇಳಿದರು. ಅಪ್ಪ ಕಾರಿನಲ್ಲಿ ಕೇಳಿದ್ದು ಒಂದೇ: "ಫ್ಲೈಯೇ ಮಾಡ್ಲಿಲ್ವಲ್ಲ, ಯಾತಕ್ಕೆ ಕೊಡ್ಬೇಕು?" ನಾನು ಅದನ್ನು ಹಾಗೇ ಆಂಟಿಗೆ ಹೇಳಿಬಿಟ್ಟೆ, ಹಾಸ್ಟೆಲ್ಲಿನವರಿಗೆ ಮಾತು ಸೋಸಿ ಹೇಳುವುದು ಗೊತ್ತಿಲ್ಲ. ಆಂಟಿ ಜೋರಾಗಿ ನಕ್ಕರು. "ಮ್ಯಾಲೆ ಕುಂತು ಮಾತಾಡಿದ್ರ ರೊಕ್ಕ, ನೆಲದ ಮ್ಯಾಲೆ ಮಾತಾಡಿದ್ರ ಪುಕ್ಕಟ ಏನವಾ? ನಿಮ್ಮಪ್ಪ ಆಫೀಸಿನ್ಯಾಗ ಮೀಟಿಂಗ್ ಮಾಡ್ತಾನಲ್ಲ, ಅದಕ್ಕ ಸಂಬಳ ಕೊಡೂದಿಲ್ಲೇನು?" ಅಪ್ಪ, ನೀವು ಮೂರನೇ ಸಾಲಿನಲ್ಲಿದ್ದೀರಿ ಎಂದು ನನಗೆ ಗೊತ್ತು. ಆದರೆ ಇದು ಸೇವೆಯ ವಿಷಯ.

ನಕ್ಕ ಮೇಲೆ ಆಂಟಿ ಇನ್ನೊಂದು ಮಾತು ಹೇಳಿದರು, ಅದಕ್ಕೆ ನಗಲಿಲ್ಲ. ಈ ಬೇಸಿಗೆಯೂ ಹೀಗೇ ಆದರೆ ಅಟ್ಲಾಂಟಾದಲ್ಲಿ ಒಂದು ಸ್ಕೂಲಿಗೆ ಸಂಬಳಕ್ಕೆ ಸೇರುತ್ತಾರಂತೆ. ಆ ಸ್ಕೂಲು ಹುಡುಗರಿಂದ ಪೂರ್ತಿ ದರ ತೆಗೆದುಕೊಂಡು ಆಂಟಿಗೆ ಮೂರರಲ್ಲಿ ಒಂದು ಪಾಲು ಕೊಡುತ್ತದೆ. "ಅಲ್ಲಿ ಕಡಿಮಿನಽ ಸಿಗ್ತದ. ಆದ್ರ ಅಲ್ಲಿ ಯಾರೂ ನನ್ನ ಅಕ್ಕಾ ಅನ್ನೂದಿಲ್ಲ" ಎಂದರು. ಅದು ಅವರಿಗೆ ನಷ್ಟವೋ ಲಾಭವೋ, ನನಗೆ ತಿಳಿಯಲಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಭಾಷಣದ ಕೊನೆಯಲ್ಲಿ ನಾನೊಂದು ಘೋಷಣೆ ಮಾಡಬೇಕಿದೆ. ಬರುವ ಬೇಸಿಗೆಯಲ್ಲಿ ಬಳಗದ ಹನ್ನೆರಡು ಮಕ್ಕಳಿಗೆ ಗಂಗಾಂಬಿಕಾ ಆಂಟಿ ಅರ್ಧ ದರದಲ್ಲಿ ವಿಮಾನ ಹಾರಿಸುವುದನ್ನು ಕಲಿಸುತ್ತಾರೆ ಎಂದು. ಅರ್ಧಗಂಟೆಯ ಹಿಂದೆ ವೇಣುಗೋಪಾಲ ಅಂಕಲ್ ನನಗಿದನ್ನು ಬಾಯಿಪಾಠ ಮಾಡಿಸಿದರು. "ಆಂಟಿ ಒಪ್ಪಿದ್ದಾರಾ ಅಂಕಲ್?" ಎಂದೆ. "ಸ್ಟೇಜ್ ಮೇಲೆ ಹೇಳ್ಬಿಟ್ರೆ ಒಪ್ತಾರಮ್ಮ. ನಾನ್ನೂರು ಜನದ ಮುಂದೆ ಯಾರು ಇಲ್ಲ ಅಂತಾರೆ?" ಎಂದರು.

ನಾನು ಪಾರ್ಕಿಂಗ್ ಲಾಟಿಗೆ ಓಡಿದೆ. ಆಂಟಿ ಕಾರಿನಿಂದ ಇಳಿದು ಇಳಕಲ್ ಸೀರೆಯ ನೆರಿಗೆ ಸರಿಮಾಡಿಕೊಳ್ಳುತ್ತಿದ್ದರು. ಎಲ್ಲ ಹೇಳಿದೆ. ಆಂಟಿ ನೆರಿಗೆ ಬಿಟ್ಟು ನನ್ನ ಕಡೆ ತಿರುಗಿ, "ನಿನಗ ಖರೇ ದರ ಹೇಳ್ಲೇನು?" ಎಂದು ಕೇಳಿ, ಹೇಳಿದರು. ಇದನ್ನು ನೀವೇ ವೇದಿಕೆಯ ಮೇಲೆ ಹೇಳಿ ಆಂಟಿ ಎಂದೆ. "ನಾ ಹೇಳಿದ್ರ ಜಗಳಾ ಅಂತಾರ. ನೀ ಹೇಳಿದ್ರ ಭಾಷಣ ಅಂತಾರ" ಎಂದರು.

ಆದ್ದರಿಂದ, ಸಭಿಕರೇ, ಘೋಷಣೆ. ಮುಂದಿನ ಶನಿವಾರದಿಂದ ಗಂಗಾಂಬಿಕಾ ಆಂಟಿಯ ದರ ಗಂಟೆಗೆ ಎಂಬತ್ತು ಡಾಲರ್. ಎಂಜಿನ್ ಓಡಿದರೂ ಅಷ್ಟೇ, ಬೋರ್ಡಿನ ಮುಂದೆ ನಿಂತರೂ ಅಷ್ಟೇ. ಹಿಂದಿನ ದಿನ ತಿಳಿಸದೆ ಪಾಠ ತಪ್ಪಿಸಿದರೆ ಒಂದು ಗಂಟೆಯದ್ದು ಕೊಡಬೇಕು, ಸೀಮಂತವಿದ್ದರೂ ಕೊಡಬೇಕು. ನಮ್ಮವರಿಗೂ ಇದೇ ದರ, ಹೊರಗಿನವರಿಗೂ ಇದೇ ದರ.

ಅಪ್ಪ, ನಮಗೂ ಇದೇ. ಆಂಟಿಗೆಂದು ನೀವು ಎತ್ತಿಟ್ಟ ದುಡ್ಡಿಗೆ ಇನ್ನು ವಾರಕ್ಕೊಂದು ಪಾಠ ಆಗುವುದಿಲ್ಲ, ಹದಿನೈದು ದಿನಕ್ಕೊಂದು ಆಗುತ್ತದೆ. ಮೇ ತಿಂಗಳಲ್ಲಿ ಆಗಬೇಕಿದ್ದ ನನ್ನ ಲೈಸೆನ್ಸ್ ಪರೀಕ್ಷೆ ಚಳಿಗಾಲಕ್ಕೆ ಹೋಗುತ್ತದೆ. ಹೋಗಲಿ. ಅಟ್ಲಾಂಟಾಕ್ಕಿಂತ ಚಳಿಗಾಲ ಹತ್ತಿರ.

ಚೌಕಾಸಿ ಮಾಡುವವರು ದಯವಿಟ್ಟು ಊಟದ ಸಾಲಿನಲ್ಲಿ ಆಂಟಿಯನ್ನು ಹಿಡಿಯಬೇಡಿ, ನನ್ನ ಹತ್ತಿರ ಬನ್ನಿ. ಆಂಟಿಗೆ ಇಲ್ಲ ಎನ್ನಲು ಬರುವುದಿಲ್ಲ. ನನಗೆ ಈಗಷ್ಟೇ ಬಂತು.

ಇಷ್ಟು ಹೊತ್ತು ಮೈಕ್ ಆಫ್ ಮಾಡದ ಸೌಂಡ್ ಸಿಸ್ಟಮ್ಮಿನ ಸೌರಭ್ ಅಣ್ಣನಿಗೆ, ಅವಕಾಶ ಕೊಟ್ಟು ಈಗ ಬೇರೆ ಕಡೆ ನೋಡುತ್ತಿರುವ ಅಧ್ಯಕ್ಷರಿಗೆ, ಮತ್ತು ತಮಗೆಲ್ಲ ನನ್ನ ಕೃತಜ್ಞತೆಗಳು. ನಮಸ್ಕಾರ.