ಕರ್ಚೀಪಿನ ತುದಿಯ ಭಂಡಾರ

...ಅಲ್ಲ ಮುತ್ತಪ್ಪಣ್ಣಾ, ನಾ ಕೇಳೂದ ಇಷ್ಟ. ನಾಳೆ ಮೂಡಲಗಿಯಾಗ ಎಂಎಲ್ಎ ಫಾರ್ಮ ತುಂಬಾಂವ, ಮುಂಜಾನೆದ್ದ ಮೊದಲ ನಿನ್ನ ಮನಿಗೆ ಯಾಕ ಬರ್ತಾನ ಆ ಶಿದ್ಲಿಂಗಪ್ಪ? ಊರಾಗ ಬ್ಯಾರೆ ಮನಿ ಇಲ್ಲ? ನನ್ನ ಮನಿ ಇಲ್ಲ? ಒಂದ ಸಾಲ್ಯಾಗ ಕಲ್ತವ್ರು ನಾವಿಬ್ಬರು. ಅವನ ಚಡ್ಡಿ ಹರದ್ರ ನಮ್ಮವ್ವ ಹೊಲದ ಕೊಟ್ಟಾಳ. ಈಗ ನೋಡು, "ಅಣ್ಣಾರ ಬಂದ್ರು, ಅಣ್ಣಾರ ಬಂದ್ರು" ಅಂತ ನನ್ನ ಹೇಣ್ತಿನೂ ತಲಿ ಮ್ಯಾಲ ಸೆರಗ ಹೊಚಗೋತಾಳ. ನನ್ನ ಮುಂದ ಎಂದರ ಹೊಚಗೊಂಡಾಳು?

ಯಾಕ ನಗ್ತೀ? ಹೊಟ್ಟಿಕಿಚ್ಚ ಅಂತೀ? ಅನ್ನು. ಹೌದು, ಉರೀತೈತಿ. ಗೋಕಾಕಕ್ಕ ಹೋದ್ರ ಬಸ್ ಸ್ಟ್ಯಾಂಡ ಮುಂದ ಅವನ ಬ್ಯಾನರ. ಮಸಗುಪ್ಪಿಗೆ ತಂಗಿ ಮನಿಗೆ ಹೋದ್ರ ಅಲ್ಲೂ ಗ್ವಾಡಿ ಮ್ಯಾಲ ಅವನ ಫೋಟೋದ ಕ್ಯಾಲೆಂಡರ. ನನ್ನ ಒಡಹುಟ್ಟಿದಾಕಿ, ನನ್ನ ಕೈಯಾಗ ನೀರಿನ ತಂಬಿಗಿ ಕೊಟ್ಟ, "ಅಣ್ಣಾರು ಆರಾಮ ಅದಾರಿಲ್ಲ?" ಅಂತಾಳ. ನಾ ಆರಾಮ ಅದೇನೋ ಇಲ್ಲೋ ಅಕಿಗೆ ಬೇಕಾಗಿಲ್ಲ.

ಅವನ ಬಂಡವಾಳ ಏನ ಹೇಳು. ಸೋತದ್ದ. ಹದಿಮೂರ ವರ್ಷದ ಹಿಂದ ಪಂಚಾಯ್ತಿ ಅಧ್ಯಕ್ಷ ಆಗಾಕ ನಿಂತ. ನೀ, ನಾ, ಅಂವಾ ಹಿಡದ ನಾವ ಏಳ ಮಂದಿ ಮೆಂಬರ. ಆ ಕಡೆ ಆರ. ನಮ್ಮ ಪೈಕಿ ಒಂದ ಓಟ ಅತ್ತ ಬಿತ್ತು, ಸೋತ. ಗುಡಿ ಕಟ್ಟಿ ಮ್ಯಾಲ ಕುಂತ ಅತ್ತ. ಅಷ್ಟ ನೋಡು ಅಂವಾ ಮಾಡಿದ್ದು. "ಪಾಪ, ಒಳಗಿನವ್ರ ಮೋಸ ಮಾಡಿದ್ರು" ಅಂತ ಹೆಣ್ಮಕ್ಕಳೆಲ್ಲಾ ಕಣ್ಣ ಒರಿಸಿಕೊಂಡ, ಆರ ತಿಂಗಳದಾಗ ತಾಲೂಕಾ ಪಂಚಾಯ್ತಿಗೆ ಆರಿಸಿ ಕಳಿಸಿದ್ರು. ಮುಂದ ಜಿಲ್ಲಾ ಪಂಚಾಯ್ತಿ. ಈಗ ಎಂಎಲ್ಎ ಟಿಕೇಟ. ಅವತ್ತ ಗೆದ್ದಿದ್ರ ಗಟಾರ, ನಳ ಅಂತ ಮಂದಿ ಕಡೆ ಬೈಸಗೊಂಡ ಇಲ್ಲೇ ಬಿದ್ದಿರ್ತಿದ್ದ. ಸೋಲಿಸಿದಾಂವನ ಅವನ್ನ ದೊಡ್ಡಾಂವನ ಮಾಡ್ದ. ಇದನ್ನ ನೆನಸಿದ್ರ ನನಗ ಅನ್ನ ಸೇರೂದಿಲ್ಲ.

...ನಿನಗ್ಯಾಕ ಸೇರೂದಿಲ್ಲ ಅಂದ್ರ? ಹಂಗ ಅಂದೆಪಾ. ಮಾತಿಗೆ.

ಆ ಓಟ ನಿಂದ ಅಂತ ಊರ ಅಂತು. ನಾ ಎಂದರ ಅಂದೇನು? ನಿನ್ನ ಮನ್ಯಾಗ ಚಾ ಕುಡಿಯೂದ ಬಿಟ್ಟರು ಮಂದಿ. ನಿನ್ನ ಮಗಳು ಸರಿತಾನ ಲಗ್ನದಾಗ ಹಾಸಿದ ಎಲಿ ಹಾಸಿದಂಗ ಉಳದ್ವು. ಅಕ್ಕಿಕಾಳ ಹಾಕಾಕ ಊರಾಗಿಂದ ಬಂದಾಂವ ಈ ಮಾಲಿಂಗ ಒಬ್ಬನ. ನಿನ್ನ ಹೇಣ್ತಿ ಹಣಮವ್ವಕ್ಕನ್ನ ಕೇಳು, ಅಕಿ ಚಾ ತಂದ್ರ ನಾ ಎಂದೂ ಬ್ಯಾಡ ಅಂದಿಲ್ಲ. ಇವತ್ತೂ ಕೇಳಿ ಮಾಡಿಸೇನಿ, ಸಕ್ಕರಿ ಜಾಸ್ತಿ ಹಾಕಿ.

ಹಿಡಕಲ್ ಡ್ಯಾಮಿನ ಹಂತೇಕ ಒಂದ ತ್ವಾಟದ ಮನ್ಯಾಗ ನಮ್ಮನ್ನ ಎರಡ ದಿನ ಇಟ್ಟಿದ್ರಲ್ಲ, ಆ ಕಡಿಯವ್ರು ಎಳಕೊಂಡ ಹೋದಾರಂತ... ಓಟಿನ ದಿನ ಮುಂಜಾನೆ ಏಳೂ ಮಂದಿ ಬೀರದೇವರ ಭಂಡಾರ, ಗುಡಿ ಅರಿಷಿಣ, ಹಣಿಗೆ ಹಚಗೊಂಡ, ಬಾಯಾಗ ಚಿಟಿಕಿ ಹಾಕ್ಕೊಂಡ, ಶಿದ್ಲಿಂಗಪ್ಪನ ಬಿಟ್ಟ ಯಾರಿಗೂ ಹಾಕೂದಿಲ್ಲ ಅಂತ ಆಣಿ ಮಾಡಿದ್ವಿ. ಭಂಡಾರ ತಂದಾಂವ ಯಾರು? ನಾನ. ಗಾಡಿ ಹೊಡಕೊಂಡ ಊರಿಗೆ ಬಂದ, ಪೂಜಾರಿ ಯಲ್ಲಾರಿ ಕೈಲೆ ಇಸಗೊಂಡ, ಪೇಪರಿನ್ಯಾಗ ಕಟಗೊಂಡ ಹೊಳ್ಳಿ ಹೋಗಿದ್ದೆ. ದೇವರ ಭಂಡಾರ ಮುಟ್ಟಿ ಈ ಮಾಲಿಂಗ ಎಂದೂ ತಪ್ಪಿಲ್ಲ. ಎಲ್ಲಿ ಬೇಕಾದ್ರ ಹೇಳ್ತೇನಿ.

ಏನದು? ...ಯಾವ ಗಂಟ? ಅವತ್ತಿನ ಭಂಡಾರ? ಉಳದದ್ದ ಕರ್ಚೀಪಿನ ತುದಿಗೆ ಕಟಗೊಂಡಿದ್ದೀ? ಹದಿಮೂರ ವರ್ಷ ದೇವರ ಜಗಲಿ ಮ್ಯಾಲ ಇಟ್ಟ ಕೈ ಮುಗದೀ? ಒಮ್ಮೆನೂ ಬಿಚ್ಚಿಲ್ಲ? ಹುಚ್ಚ ಅದಿ ನೋಡು.

...ಓ. ನಾಳೆ ನೀ ಅವನ ಮುಂದ ಇದನ್ನ ಮುಟ್ಟಿ ಮತ್ತ ಆಣಿ ಮಾಡಾಂವ. ಅದಕ್ಕ ಬರ್ತಾನ ಅಂವಾ. ಮಾಡಪಾ. ನಿನ್ನ ಕೊಳ್ಳಾಗ ಮಾಲಿ ಹಾಕ್ತಾನ, ಫೋಟೋ ಹೊಡಸ್ತಾನ. "ನೋಡ್ರಿ ಅಣ್ಣಾರ ಮನಸ ಎಷ್ಟ ದೊಡ್ಡದು" ಅಂತಾರ ಮಂದಿ. ನಿನ್ನ ಹದಿಮೂರ ವರ್ಷನೂ ಅವನ ಹೆಸರಿಗೇ ಹೋತು.

ಬಿಚ್ಚಬ್ಯಾಡ. ಹಳೇದದು, ಹುಳಾ ಹಿಡದಿರ್ತೈತಿ. ಜಗಲಿ ಮ್ಯಾಲ ಇಡು. ಅಣ್ಣಾ, ಇಡು ಅಂದ್ನಿ.

ಏನ ನೋಡಾಕತ್ತಿ ಅಂಗೈಯಾಗ? ...ಸಾಸ್ವಿ. ಹೂಂ. ನಾಕ ಕಾಳ ಸಾಸ್ವಿ, ಎರಡ ಜೀರಗಿ. ಅದರಾಗೇನೈತಿ. ಗುಡ್ಯಾಗೂ ಬಿದ್ದಿರ್ತಾವ. ...ಗುಡ್ಯಾಗ ಯಾರ ಒಗ್ಗರಣಿ ಕೊಡ್ತಾರ ಅಂದ್ರ? ಹಂಗ ನೋಡಬ್ಯಾಡ ನನ್ನ. ಗುಡಿ ಕೀಲಿ ಹಾಕಿತ್ತು ಅವತ್ತ. ಯಲ್ಲಾರಿ ಹುಕ್ಕೇರಿಗೆ ಹೋಗಿದ್ದ. ಹೊತ್ತಾತಂತ, ನಮ್ಮ ಮನಿ ಒಗ್ಗರಣಿ ಡಬ್ಬಿದಾಗಿನ ಅರಿಷಿಣ...

ಯಲ್ಲಾರಿ ಕೈಲೆ ಇಸಗೊಂಡೆ ಅಂದ್ನಿ? ಯಾವಾಗ? ಈಗ?

ಅಣ್ಣಾ, ಅಡಗಿ ಅರಿಷಿಣ ಮುಟ್ಟಿದ್ರ ಆಣಿ ಹತ್ತೂದಿಲ್ಲ ಅಂತ... ಅಲ್ಲ, ನಾ ತಪ್ಪಿದೆ ಅಂದಿಲ್ಲ. ಹತ್ತೂದಿಲ್ಲ ಅಂದೆ, ಅಷ್ಟ.

ಬೈ. ಒಂದ ಹೊಡಿ ಬೇಕಾದ್ರ. ಇದು ನಿನ್ನ ತಲಿ ಮ್ಯಾಲ ಬರ್ತೈತಿ ಅಂತ ನನಗ ಗೊತ್ತಿರಲಿಲ್ಲ. ಅವನ ಕೊಳ್ಳಾಗ ಮಾಲಿ ಬೀಳೂದ ನೋಡಾಕ ಆಗಲಿಲ್ಲ ನನಗ. ಒಂದ ಸಲಾ ಅವನ ಮಾರಿ ಸಣ್ಣದಾಗೂದ ನೋಡಬೇಕಂದೆ. ಒಂದ ಸಲಾ. ಆಮ್ಯಾಲ ಊರ ನಿನ್ನ ಹೆಸರ ಹಿಡೀತು. ನಾ ಬಾಯಿ ತಗೀಲಿಲ್ಲ. ತಗದ್ರ ನನ್ನ ಮನ್ಯಾಗ ಯಾರ ಚಾ ಕುಡೀತಿದ್ರು?

ನಾಳೆ ಅವಗ ಹೇಳ್ತೀ? ಅಂವಾ ಸಿಟ್ಟಿಗೆದ್ರ ತಡಕೊಂಡೇನು. ನಕ್ಕಬಿಟ್ರ? "ನಿನ್ನ ಉಪಕಾರ ಮಾಲಿಂಗಾ" ಅಂತ ನಾಕ ಮಂದಿ ಮುಂದ ನನ್ನ ಕೊಳ್ಳಾಗೂ ಒಂದ ಮಾಲಿ ಹಾಕಿದ್ರ?

ಏನರ ಅನ್ನು... ಹಣಮವ್ವಕ್ಕಾ, ನೀನರ ಹೇಳ ಅಣ್ಣಗ. ಯಾವಾಗಿಂದ ನಿಂತೀ ಬಾಗಲದಾಗ?

ಅಕ್ಕಾ... ಆ ಕಪ್ಪ ಯಾಕ ಒಳಗ ಒಯ್ಯಾಕತ್ತಿ? ನಾ ಇನ್ನೂ ಕುಡದಿಲ್ಲ.