ಡಿಸ್ಕವರಿ ಗಾರ್ಡನ್ಸಿನಲ್ಲಿ ಕೆಮ್ಮಿದ ಮಗು

೨೦೧೩ ನವೆಂಬರ್ ೮, ಶುಕ್ರವಾರ. ಆ ದಿನ ನನ್ನ ಡೈರಿಯಲ್ಲಿ ಬರೆದದ್ದು ಇಷ್ಟೇ: "ಲೆಸ್ಲಿ, ಜೆಸ್ಸಿಕಾ ಊಟಕ್ಕೆ ಬಂದಿದ್ದರು. ಲೆಸ್ಲಿಯ ಮುತ್ತಜ್ಜ ಸಿಕ್ಕಿದ. ಸಂಜೆ ಇಗರ್ಜಿಯಲ್ಲಿ ಅವನ ಹೆಸರು ಹಾಕಿದೆವು."

ಅದೇ ರಾತ್ರಿ ಶುರುವಾಯಿತು.

ಲೈಟು ಹಾಗೇ ಇರಲಿ. ಬಾಗಿಲು ಮಾತ್ರ ಸರಿಯಾಗಿ ಹಾಕಿ ಬನ್ನಿ, ಹೇಳುತ್ತೇನೆ. ನಾನು ಕತೆ ಕಟ್ಟುವವಳಲ್ಲ. ಮಂಗಳೂರಿನ ಕಾಲೇಜಿನಲ್ಲಿ ಚರಿತ್ರೆ ಓದಿ, ಇಲ್ಲಿ ದುಬೈಯ ಊದ್ ಮೇಥಾದ ಶಾಲೆಯೊಂದರಲ್ಲಿ ನಿವೃತ್ತಿಯಾಗುವ ತನಕ ಅದನ್ನೇ ಕಲಿಸಿದವಳು. ನಮ್ಮ ಪಾಯ್ಸ್ ಕುಟುಂಬದಲ್ಲಿ ಯಾರು ಯಾವಾಗ ಹುಟ್ಟಿದರು, ಯಾರನ್ನು ಎಲ್ಲಿ ಮಣ್ಣು ಮಾಡಿದರು, ಎಲ್ಲ ನನ್ನ ಹತ್ತಿರ ಉಂಟು. ತಾರೀಕಿಲ್ಲದ ಮಾತನ್ನು ನಾನು ನಂಬುವುದಿಲ್ಲ.

ಲೆಸ್ಲಿ ನನ್ನ ತಂಗಿ ಪ್ರಫುಲ್ಲಾಳ ಮಗ. ನನ್ನನ್ನು ಮಾವ್ಶಿ ಎಂದು ಕರೆಯುತ್ತಾನೆ. ಅವನ ಹೆಂಡತಿ ಜೆಸ್ಸಿಕಾ ನರ್ಸು, ಮಕ್ಕಳ ವಾರ್ಡಿನಲ್ಲಿ. ಆಗ ಅವಳಿಗೆ ಆರನೇ ತಿಂಗಳು. ಕಾಲು ಊದಿಕೊಂಡಿತ್ತು, ಹಾಗಾಗಿ ಆ ರಾತ್ರಿ ಅವಳನ್ನು ನಮ್ಮಲ್ಲೇ ಉಳಿಸಿಕೊಂಡೆ. ಲೆಸ್ಲಿ ಒಬ್ಬನೇ ಮನೆಗೆ ಹೊರಟ.

ಮೆಟ್ರೋ ಇಳಿದಾಗ ಬಸ್ಸು ಹೋಗಿಯಾಗಿತ್ತು. ನಡೆದ. ಡಿಸ್ಕವರಿ ಗಾರ್ಡನ್ಸ್ ನೋಡಿದ್ದೀರಲ್ಲ... ಎಲ್ಲ ಕಟ್ಟಡಗಳೂ ಒಂದೇ ಥರ, ನಡುವೆ ಗಿಡಮರ. ಅವರ ಕಟ್ಟಡದ ಹಿಂದೆ ಒಂದು ದೊಡ್ಡ ಬೇವಿನ ಮರ. ಅದರ ಬುಡದಲ್ಲಿ ಗಿಡಗಳಿಗೆ ನೀರು ಬಿಡುವ ಗುಂಡಿ, ಮೇಲೆ ಕಬ್ಬಿಣದ ಮುಚ್ಚಳ. ಒಳಗೆ ನೀರು ಟಪ್... ಟಪ್... ಎಂದು ಬೀಳುತ್ತಿತ್ತು.

ಅದು ನಿಂತಿತು.

ಆಮೇಲೆ ಕೆಮ್ಮು. ಖೆಖ್ ಖೆಖ್ ಖೆಖ್ ಖೆಖ್... ನಡುವೆ ಉಸಿರೇ ಎಳೆಯದೆ. ಕೊನೆಗೆ ಗಾಳಿ ಒಳಗೆಳೆದುಕೊಳ್ಳುವ ಉದ್ದ ಸದ್ದು... ಊಊಪ್.

ಬೆಕ್ಕಿರಬೇಕು ಎಂದುಕೊಂಡ. ಮುಂದೆ ನಡೆದ. ಕೆಮ್ಮು ಹಿಂದೆ ಬಂತು. ಹೆಜ್ಜೆಯ ಸದ್ದಿಲ್ಲ. ಚಪ್ಪಲಿಯ ಸದ್ದಿಲ್ಲ. ನಡೆಯಲು ಬಾರದ ಮಗುವಿನ ಕೆಮ್ಮು... ಅವನ ಭುಜದಷ್ಟು ಎತ್ತರದಲ್ಲಿ. ಯಾರೋ ಎತ್ತಿಕೊಂಡು ಬಂದ ಹಾಗೆ.

ಮನೆಯೊಳಗೆ ಹೋಗಿ ನನಗೆ ಫೋನು ಮಾಡಿದ. ಪಿಸುಗುಟ್ಟುತ್ತಿದ್ದ.

"ಮಾವ್ಶಿ... ಮಲಗಿದ್ರಾ?"

"ಮಲಗದೆ ಎಂಥ ಡ್ಯಾನ್ಸ್ ಮಾಡ್ತಾ ಇರ್ತೇನಾ? ಏನು?"

"ಇಲ್ಲಿ ಮಗು ಕೆಮ್ಮುವುದು ಕೇಳ್ತಾ ಉಂಟು."

"ಪಕ್ಕದ ಮನೆಯದ್ದಿರಬೇಕು."

"ಅಲ್ಲ... ನಮ್ಮ ಬೆಡ್‌ರೂಮಿನಲ್ಲಿ. ತೊಟ್ಟಿಲಿನ ಹತ್ತಿರ."

ತೊಟ್ಟಿಲು ಖಾಲಿ. ಅದನ್ನು ತಂದು ವಾರವೂ ಆಗಿರಲಿಲ್ಲ.

ಮುತ್ತಜ್ಜನ ವಿಷಯ ಹೇಳದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಪ್ರಫುಲ್ಲಾ ಮದುವೆಯಾದದ್ದು ಗ್ಯಾರಡ್ ಮನೆತನಕ್ಕೆ. ಹೆಸರು ಇಂಗ್ಲಿಷರದ್ದು, ಮನೆಮಾತು ಕೊಂಕಣಿ. ಅವರ ಹಿರಿಯ ಐಸಾಕ್ ಗ್ಯಾರಡ್ ಸಿಪಾಯಿಯಾಗಿ ಕಣ್ಣೂರಿಗೆ ಬಂದು, ದಂಡು ಬಿಟ್ಟು, ಮಂಗಳೂರಿನಲ್ಲಿ ನಮ್ಮವಳೊಬ್ಬಳನ್ನು ಮದುವೆಯಾದವನು. ಅವನು ದೊರೆ, ಇಂಗ್ಲೆಂಡಿನಲ್ಲಿ ಬಂಗಲೆ ಇತ್ತು, ಕುದುರೆ ಇತ್ತು ಎಂದು ಆ ಮನೆಯವರು ಕೊಚ್ಚಿಕೊಂಡದ್ದಕ್ಕೆ ಲೆಕ್ಕವಿಲ್ಲ. ನಾನು ಲೆಸ್ಲಿಗೆ ಹೇಳಿದೆ, ಬಾಯಿಮಾತು ಬೇಡ, ದಾಖಲೆ ತೋರಿಸು. ಈಗ ಅಲ್ಲಿನ ಇಗರ್ಜಿಗಳ ಹಳೆಯ ಪುಸ್ತಕಗಳೆಲ್ಲ ಕಂಪ್ಯೂಟರಿನಲ್ಲಿ ಸಿಗುತ್ತವೆ. ಅವನು ಹಟ ಹಿಡಿದು ಕೂತ. ಸಿಪಾಯಿಯ ಕಾಗದದಲ್ಲಿ ಊರು ಸಿಕ್ಕಿತು, ಸಫೋಕ್ ಜಿಲ್ಲೆಯ ಒಂದು ಹಳ್ಳಿ. ಆ ಹಳ್ಳಿಯ ಜ್ಞಾನಸ್ನಾನದ ಪುಸ್ತಕದಲ್ಲಿ, ಮಕ್ಕಳಿಗೆ ಹೆಸರಿಟ್ಟ ದಾಖಲೆಯಲ್ಲಿ, ಐಸಾಕ್ ಸಿಕ್ಕಿದ. ತಂದೆ ಡೇನಿಯಲ್, ತಾಯಿ ಹ್ಯಾನಾ. ತಂದೆಯ ಉದ್ಯೋಗ, ಹೊಲದ ಕೂಲಿ. ಮದುವೆಯ ದಾಖಲೆಯಲ್ಲಿ ಗಂಡಹೆಂಡತಿ ಇಬ್ಬರದೂ ಸಹಿಯ ಬದಲು ಗೀಟು.

"ದೊರೆಯ ಕುದುರೆ ಎಲ್ಲಿ ಹೋಯಿತು ಮಾರಾಯ?" ಎಂದು ಊಟದ ಹೊತ್ತಿಗೆ ಕೇಳಿದೆ.

"ಕುದುರೆ ಇತ್ತು ಮಾವ್ಶಿ. ಐಸಾಕನ ಅಪ್ಪ ಅದರ ಹಿಂದೆ ನೇಗಿಲು ಹಿಡಿದುಕೊಂಡು ನಡೀತಿದ್ದ."

ಜೆಸ್ಸಿಕಾ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡಳು. ಅವಳು ಹಾಗೆ ನಕ್ಕದ್ದನ್ನು ನಾನು ನೋಡಿದ್ದು ಆ ದಿನವೇ ಕೊನೆ. ಅವಳಿಗೆ ಮೊದಲೊಂದು ಮಗು ಹೋಗಿತ್ತು, ಐದನೇ ತಿಂಗಳಲ್ಲಿ. ಹೆಸರಿಲ್ಲದೆ, ಮಣ್ಣಿಲ್ಲದೆ ಹೋಯಿತು. ಆಸ್ಪತ್ರೆಯವರು ತೆಗೆದುಕೊಂಡು ಹೋದರು, ಅಷ್ಟೇ. ಆ ಮಾತನ್ನು ನಾವು ಯಾರೂ ಎತ್ತುತ್ತಿರಲಿಲ್ಲ.

ದಾಖಲೆಯಲ್ಲಿ ಒಂದು ಕಡೆ ತಾಳೆಯಾಗುತ್ತಿರಲಿಲ್ಲ. ಜ್ಞಾನಸ್ನಾನ ೧೮೬೩ರಲ್ಲಿ. ಆದರೆ ಮುಂದಿನ ಜನಗಣತಿಯಲ್ಲಿ ಐಸಾಕನ ವಯಸ್ಸು ಮೂರು ವರ್ಷ ಕಡಿಮೆ. ನಾನು ಬೆರಳಿಟ್ಟು ಕೇಳಿದೆ. "ಓದು ಬಾರದವರು ಮಾವ್ಶಿ, ಬಾಯಿಗೆ ಬಂದ ವಯಸ್ಸು ಹೇಳಿರ್ತಾರೆ" ಎಂದ ಲೆಸ್ಲಿ. ಇರಬಹುದು ಎಂದೆ.

ನವೆಂಬರ್ ನಮ್ಮಲ್ಲಿ ಸತ್ತವರ ತಿಂಗಳು. ಚೀಟಿಯಲ್ಲಿ ಅವರ ಹೆಸರು ಬರೆದು ಇಗರ್ಜಿಯಲ್ಲಿ ಪೆಟ್ಟಿಗೆಗೆ ಹಾಕುತ್ತೇವೆ, ತಿಂಗಳಿಡೀ ಪೂಜೆಯಲ್ಲಿ ಅವರಿಗಾಗಿ ಪ್ರಾರ್ಥನೆ ನಡೆಯುತ್ತದೆ. ಎಲ್ಲರೂ ಬರೀ ಹೆಸರು ಬರೆಯುತ್ತಾರೆ. ನಾನು ಲೆಸ್ಲಿಗೆ ಹಾಗೆ ಬಿಡಲಿಲ್ಲ. "ಲೋಕದಲ್ಲಿ ಎಷ್ಟು ಐಸಾಕರು! ಯಾರ ಮಗ, ಯಾವ ಊರು, ಯಾವ ದಿನ ಜ್ಞಾನಸ್ನಾನ, ಎಲ್ಲ ಬರಿ." ಬರೆದ. ಕೆಳಗೆ "ನಮ್ಮ ಹಿರಿಯ, ನಮ್ಮ ಮನೆಯವನು" ಎಂದೂ ಬರೆದ. ಅದೇ ಸಂಜೆ ಪೆಟ್ಟಿಗೆಗೆ ಹಾಕಿದೆವು.

ಜೆಸ್ಸಿಕಾ ಭಾನುವಾರ ಮನೆಗೆ ಹೋದಳು. ಲೆಸ್ಲಿ ಅವಳಿಗೆ ಏನೂ ಹೇಳಿರಲಿಲ್ಲ. ಬೆಳಗಿನ ಜಾವ ಅವನಿಗೆ ಎಚ್ಚರವಾದಾಗ ಅವಳು ಹಾಸಿಗೆಯಲ್ಲಿ ಎದ್ದು ಕೂತಿದ್ದಳು, ತೊಟ್ಟಿಲ ಕಡೆ ಮುಖ ಮಾಡಿ.

"ಮಾತಾಡಬೇಡ," ಎಂದಳು, ಕೇಳಿಸದಷ್ಟು ಮೆಲ್ಲಗೆ. "ಈಗಷ್ಟೇ ನಿದ್ದೆ ಹೋಗಿದೆ."

"ಯಾರು?"

"ನಾಯಿಕೆಮ್ಮು ಲೆಸ್ಲಿ. ವಾರ್ಡಿನಲ್ಲಿ ಕೇಳಿದ್ದೇನೆ. ಒಂದು ವರ್ಷ ತುಂಬದ ಮಕ್ಕಳಿಗೆ ಬಂದರೆ ಹೀಗೇ... ಉಸಿರು ಸಿಗುವುದಿಲ್ಲ."

ಗಂಡಹೆಂಡತಿಗೆ ಭ್ರಮೆ ಎನ್ನುತ್ತೀರಾ? ನಾನೂ ಹಾಗೇ ಅಂದೆ. ಆದರೆ ಗೋಡೆಯಾಚೆ ಶಮೀನಾ ಇದ್ದಳು, ಉಪ್ಪಳದ ಹತ್ತಿರದವಳು, ಬ್ಯಾರಿ ಹುಡುಗಿ. ಅವಳಿಗೆ ಗ್ಯಾರಡ್ ಗೊತ್ತಿಲ್ಲ, ಸಫೋಕ್ ಗೊತ್ತಿಲ್ಲ. ನಾನು ಆ ವಾರ ಅವರ ಮನೆಗೆ ಹೋದಾಗ ಲಿಫ್ಟಿನ ಹತ್ತಿರ ಸಿಕ್ಕಿದಳು.

"ಟೀಚರೇ, ಹೆರಿಗೆ ಯಾವಾಗ ಆದದ್ದು? ನಮಗೆ ಒಂದು ತುಂಡು ಸ್ವೀಟೂ ಇಲ್ಲ!"

"ಯಾರ ಹೆರಿಗೆ?"

"ಜೆಸ್ಸಿಕಾದ್ದು. ರಾತ್ರಿಯಿಡೀ ಮಗು ಕೆಮ್ಮುವುದು ಕೇಳ್ತದಲ್ಲ. ನನ್ನ ಗಂಡ ಶಾನವಾಝ್ ಹೇಳಿದರು, ಯಲ್ಲಾ, ಹೋಗಿ ಹೇಳು, ಎಸಿ ಕಡಿಮೆ ಇಡಲಿ ಅಂತ." ಆಮೇಲೆ ಅವಳು ನನ್ನ ಮುಖ ನೋಡಿದಳು. ಲಿಫ್ಟು ಬಂದರೂ ಹತ್ತಲಿಲ್ಲ, ಮೆಟ್ಟಿಲಿನಲ್ಲಿ ಇಳಿದು ಹೋದಳು.

ಆ ರಾತ್ರಿ ನಾನು ಅಲ್ಲೇ ಹಾಲ್‌ನ ಸೋಫಾದಲ್ಲಿ ಮಲಗಿದೆ. ಬೆಡ್‌ರೂಮಿನ ಬಾಗಿಲು ತೆರೆದೇ ಇತ್ತು. ಎಸಿ ಗೂಂ ಎನ್ನುತ್ತಿತ್ತು. ಅದು ನಿಂತಿತು. ತೊಟ್ಟಿಲಿನ ಮರ ಒಮ್ಮೆ ಕಿರ್ರ್ ಅಂದಿತು... ಭಾರ ಬಿದ್ದ ಹಾಗೆ. ಮತ್ತೆ ಖೆಖ್ ಖೆಖ್ ಖೆಖ್... ಊಊಪ್. ನಾನು ಮೂರು ಮಕ್ಕಳನ್ನು ಸಾಕಿದವಳು. ಅದು ಗಾಳಿಯಲ್ಲ, ಪೈಪಲ್ಲ. ಅದು ಮಗು.

ನಾನು ಜಪಸರ ಹಿಡಿದುಕೊಂಡು ಒಳಗೆ ನೋಡಿದೆ. ಜೆಸ್ಸಿಕಾ ತೊಟ್ಟಿಲ ಪಕ್ಕ ನೆಲದಲ್ಲಿ ಕೂತಿದ್ದಳು. ಖಾಲಿ ಹಾಸಿಗೆಯ ಮೇಲೆ ಅಂಗೈಯಿಟ್ಟು ಮೆಲ್ಲ ತಟ್ಟುತ್ತಿದ್ದಳು. ಬೆನ್ನು ತಟ್ಟುವಂತೆ. ಕೆಮ್ಮು ಇಳಿಯಿತು.

ಬೆಳಿಗ್ಗೆ ಲೆಸ್ಲಿಗೆ ಹೇಳಿದೆ, "ಜ್ಞಾನಸ್ನಾನದ ಪುಸ್ತಕ ನೀನು ನೋಡಿದೆ. ಮಣ್ಣು ಮಾಡಿದವರ ಪುಸ್ತಕ ನೋಡಿದ್ದೀಯಾ?"

"ಯಾಕೆ ಮಾವ್ಶಿ? ಅವನು ಮಣ್ಣಾದದ್ದು ಮಂಗಳೂರಿನಲ್ಲಲ್ಲವಾ?"

"ನೋಡು."

ನೋಡಿದ. ನಾನು ಹಿಂದೆ ನಿಂತಿದ್ದೆ. ಅದೇ ಹಳ್ಳಿ, ೧೮೬೪ರ ಜನವರಿ. ಐಸಾಕ್ ಗ್ಯಾರಡ್, ವಯಸ್ಸು ಹತ್ತು ತಿಂಗಳು. ಮತ್ತೆ ಜ್ಞಾನಸ್ನಾನದ ಪುಸ್ತಕಕ್ಕೆ ಬಂದು ಕೆಲವು ಪುಟ ಮುಂದೆ ಹೋದ. ೧೮೬೬. ಅದೇ ತಂದೆ, ಅದೇ ತಾಯಿ. ಇನ್ನೊಂದು ಐಸಾಕ್.

ನಮ್ಮಲ್ಲಿ ತೀರಿಹೋದ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಯಾರೂ ಇಡುವುದಿಲ್ಲ. ಇಡಲು ಬಾಯಿ ಬರುವುದಿಲ್ಲ. ಅಲ್ಲಿನ ಬಡವರಲ್ಲಿ ಆ ಕಾಲಕ್ಕೆ ಅದು ಸಾಧಾರಣವಂತೆ, ಹೋದದ್ದರ ಹೆಸರನ್ನೇ ಬಂದದ್ದಕ್ಕೆ ಇಡುವುದು. ನಮಗೆ ಅದು ಹೊಳೆಯುವುದು ಹೇಗೆ? ಕಣ್ಣೂರಿಗೆ ಬಂದವನು ಎರಡನೆಯ ಐಸಾಕ್. ನಾವು ಊರು, ದಿನ, ತಾಯಿತಂದೆ ಎಲ್ಲ ಬರೆದು, ನಮ್ಮ ಮನೆಯವನು ಎಂದು ಕರೆದದ್ದು ಮೊದಲನೆಯವನನ್ನು. ನೂರೈವತ್ತು ವರ್ಷದಲ್ಲಿ ಅದನ್ನು ಯಾರೂ ಕರೆದಿರಲಿಲ್ಲ. ಅದರ ಹೆಸರು ಕೂಡ ಅದರದ್ದಾಗಿ ಉಳಿದಿರಲಿಲ್ಲ.

ನಾನು ಸರಿಪಡಿಸಲು ಹೊರಟೆ. ತಪ್ಪು ದಾಖಲೆಯನ್ನು ಇನ್ನೇನು ಮಾಡುತ್ತಾರೆ? ಲೆಸ್ಲಿ ವಂಶವೃಕ್ಷವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿ ತೊಟ್ಟಿಲ ಮೇಲಿನ ಗೋಡೆಗೆ ಅಂಟಿಸಿದ್ದ. ನಾನು ಪರ್ಸಿನಿಂದ ಕೆಂಪು ಪೆನ್ನು ತೆಗೆದೆ.

ಜೆಸ್ಸಿಕಾ ಅಡ್ಡ ಬಂದಳು. "ಎಂಥ ಮಾಡ್ತೀರಿ ಮಾವ್ಶಿ?"

"ಹೊಡೆದು ಹಾಕ್ತೇನೆ. ಇದು ನಮ್ಮ ಹಿರಿಯನಲ್ಲ."

"ಅಣ್ಣ ಅಂತ ಪಕ್ಕದಲ್ಲಿ ಬರೆಯಿರಿ. ಇರಲಿ."

"ಇರಲಿ ಅಂದ್ರೆ? ಹೊಟ್ಟೆಯಲ್ಲಿ ಮಗು ಇಟ್ಟುಕೊಂಡು ನೀನು ನೆಲದಲ್ಲಿ ಕೂತು ರಾತ್ರಿ ಕಳೀತೀಯಾ? ನಿನ್ನ ಮಗುವಿಗೆ ಏನಾದರೂ ಆದರೆ?"

"ನನ್ನ ಮಗು," ಎಂದಳು ಅವಳು. "ಮಾವ್ಶಿ, ಅದು ತಾನಾಗಿ ಬಂದದ್ದಲ್ಲ. ನೀವು ಕರೆದಿರಿ."

ಲೆಸ್ಲಿ ನನ್ನನ್ನು ನೋಡಿದ, ಅವಳನ್ನು ನೋಡಿದ. "ಖಲಾಸ್ ಜೆಸ್ಸಿ," ಎಂದ. "ಮಾವ್ಶಿ ಹೇಳಿದ ಹಾಗೆ ಆಗಲಿ."

ನಾನು ಹೊಡೆದು ಹಾಕಿದೆ. ಪಕ್ಕದಲ್ಲಿ ಸ್ಪಷ್ಟವಾಗಿ ಬರೆದೆ: ಇವನು ನಮ್ಮವನಲ್ಲ. ಸಂಜೆ ಇಗರ್ಜಿಗೆ ಹೋಗಿ ಬೇರೆ ಚೀಟಿಯನ್ನೂ ಹಾಕಿ ಬಂದೆವು, ಎರಡನೆಯವನ ವಿವರ ಬರೆದು.

ಆ ರಾತ್ರಿಯೂ ನಾನು ಅಲ್ಲೇ ಇದ್ದೆ. ತೊಟ್ಟಿಲು ಕಿರ್ರ್ ಅನ್ನಲಿಲ್ಲ. ಮೂವರೂ ಎಚ್ಚರವಾಗಿದ್ದೆವು, ಮೂವರೂ ಮಲಗಿದ ಹಾಗೆ ನಟಿಸುತ್ತಿದ್ದೆವು. ಆಮೇಲೆ ಕೆಮ್ಮು ಕೇಳಿತು... ಮುಂಬಾಗಿಲಿನ ಹೊರಗೆ.

ಜೆಸ್ಸಿಕಾ ಎದ್ದು ಬಂದಳು. ನಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ.

"ಮಾವ್ಶಿ, ತೆರೆಯಿರಿ."

"ಬೇಡ."

"ಮಗು ಮಾವ್ಶಿ. ಹೊರಗೆ ಉಂಟು."

"ಅದು ಮಗುವಲ್ಲ."

ಕೆಮ್ಮು ಬಾಗಿಲಿನ ಬುಡದಲ್ಲೇ ಇತ್ತು. ಖೆಖ್ ಖೆಖ್... ಊಪ್. ನನ್ನ ಹಿಮ್ಮಡಿಗೆ ಕೇಳಿಸಿತು ಎನ್ನಬೇಕು, ಅಷ್ಟು ಕೆಳಗೆ. ಈಗ ಯಾರೂ ಎತ್ತಿಕೊಂಡಿರಲಿಲ್ಲ. ಸ್ವಲ್ಪ ಹೊತ್ತಿಗೆ ಕಾರಿಡಾರಿನಲ್ಲಿ ದೂರವಾಯಿತು. ಲಿಫ್ಟು ಟಿಣ್ ಅಂದಿತು. ಜೆಸ್ಸಿಕಾ ನನ್ನ ಕೈ ಕಿತ್ತು ಬಾಗಿಲು ತೆರೆದು ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿದಳು. ಆ ಹೊಟ್ಟೆ ಹೊತ್ತುಕೊಂಡು.

ನಾವು ಕೆಳಗೆ ಹೋದಾಗ ಬೇವಿನ ಮರದ ಬುಡದಲ್ಲಿ, ಆ ಗುಂಡಿಯ ಮುಚ್ಚಳಕ್ಕೆ ಕಿವಿಯಿಟ್ಟು ಕೂತಿದ್ದಳು. ಒಳಗೆ ನೀರು ಟಪ್... ಟಪ್... ಬೀಳುತ್ತಿತ್ತು. ಬೇರೇನಿಲ್ಲ.

"ಈಗ ಕೇಳ್ತಿಲ್ಲ," ಎಂದಳು. ನನ್ನ ಮುಖ ನೋಡಿ ಹೇಳಿದಳು. "ಹೋದದ್ದು ಇದು ಎರಡನೆಯದು ಮಾವ್ಶಿ. ಒಂದು ನನ್ನ ಕೈಯಲ್ಲಿರಲಿಲ್ಲ. ಇದು ಇತ್ತು."

ಆ ವಾರವೇ ಮಂಗಳೂರಿಗೆ ಹೊರಟಳು. ವಿಮಾನ ಹತ್ತಲು ಇನ್ನೂ ಬಿಡುವ ತಿಂಗಳು ಅದು, ಯಾರಿಗೂ ತಡೆಯಲಾಗಲಿಲ್ಲ. ಫೆಬ್ರವರಿಯಲ್ಲಿ ಹೆರಿಗೆಯಾಯಿತು, ಗಂಡು ಮಗು, ಆರೋಗ್ಯವಾಗಿತ್ತು. ಗ್ಯಾರಡರ ಕಡೆಯ ಹೆಸರು ಇಡಲಿಲ್ಲ. ತನ್ನ ತಂದೆಯ ಹೆಸರು ಇಟ್ಟಳು, ನಾರ್ಬರ್ಟ್. ಮಗುವಿಗೆ ಆರು ತಿಂಗಳಾದಾಗ ಲೆಸ್ಲಿ ಜ್ಞಾನಸ್ನಾನಕ್ಕೆ ಹೋಗಿ ಬಂದು ಒಂದೇ ಮಾತು ಹೇಳಿದ. ಜೆಸ್ಸಿಕಾ ಮಗುವನ್ನು ತೊಟ್ಟಿಲಿನ ಒಂದೇ ಬದಿಗೆ ಮಲಗಿಸುತ್ತಾಳೆ, ಇನ್ನೊಂದು ಬದಿ ಖಾಲಿ ಬಿಡುತ್ತಾಳೆ. ಅದು ಅವಳ ಇಷ್ಟ. ಆದರೆ ಮಗು ನಿದ್ದೆಯಲ್ಲೂ ಆ ಕಡೆಗೆ ಹೊರಳುವುದಿಲ್ಲವಂತೆ. ಅಲ್ಲಿ ಯಾರೋ ಇದ್ದ ಹಾಗೆ, ನಡುವಿನ ತನಕ ಬಂದು ನಿಲ್ಲುತ್ತದಂತೆ. ಲೆಸ್ಲಿ ಸುಳ್ಳು ಹೇಳುವ ಹುಡುಗನಲ್ಲ. ನಾನು ಕೇಳಿದ್ದನ್ನು ನನ್ನ ಎರಡೂ ಕಿವಿಗಳಿಂದ ಕೇಳಿದ್ದೇನೆ. ಶಮೀನಾ ಈಗಲೂ ಅದೇ ಮನೆಯಲ್ಲಿದ್ದಾಳೆ, ಬೇಕಾದರೆ ಹೋಗಿ ವಿಚಾರಿಸಿ.

ಜೆಸ್ಸಿಕಾ ಮತ್ತೆ ದುಬೈಗೆ ಬರಲಿಲ್ಲ. ಲೆಸ್ಲಿ ಆ ಮನೆ ಬಿಟ್ಟು ಅಲ್ ಮುರಕ್ಕಬಾತಿನಲ್ಲಿ ಇನ್ನೂ ನಾಲ್ವರ ಜೊತೆ ಒಂದು ರೂಮಿನಲ್ಲಿದ್ದಾನೆ. ಶುಕ್ರವಾರ ನನ್ನಲ್ಲಿಗೆ ಊಟಕ್ಕೆ ಬರುವುದನ್ನು ನಿಲ್ಲಿಸಿದ. ಪ್ರಫುಲ್ಲಾ ನನ್ನ ಫೋನು ತೆಗೆಯುವುದಿಲ್ಲ. ನಾರ್ಬರ್ಟ್ ಈಗ ಶಾಲೆಗೆ ಹೋಗುತ್ತಾನಂತೆ. ಅವನನ್ನು ನಾನು ಒಮ್ಮೆಯೂ ಎತ್ತಿಕೊಂಡಿಲ್ಲ.