ಜೀಪಿಗೆ ಹೊಚ್ಚಿದ ಕಂಬಳಿ

ದೀಪ ಆರಿಸಬ್ಯಾಡ, ಇರ್ಲಿ. ಇದು ನಮ್ಮ ಮಗ್ಗಲ ಮನಿ ಹಾಲೇಶಗ ಆಗಿದ್ದು. ಯಾರೋ ಯಾರಿಗೋ ಹೇಳಿದ್ದಲ್ಲ, ಅವನ ಬಾಯಿಲೇ ಕೇಳೀನಿ.

ಹೋದ ವರ್ಷ ಎಳ್ಳಮಾಸಿ ಮುಂದ. ಗಬ್ಬೂರಾಗ ಎಲುಬಿಗೆ ಹತ್ತೋ ಚಳಿ. ಹಾಲೇಶ ಬಾಡಿಗಿ ಜೀಪು ಹೊಡೀತಾನ, ಆ ದಿನದ ಕಡೀ ರಾಯಚೂರು ಟ್ರಿಪ್ ಮುಗಿಸಿ, ಜೀಪು ಆಲದ ಮರದ ಬುಡಕ್ಕ ನಿಲ್ಸಿ ಮನೀಗೆ ನಡಕೋತ ಹೊಂಟಿದ್ದ. ಓಣಿ ಸಣ್ಣದು, ಗಾಡಿ ಒಳಗ ಬರಂಗಿಲ್ಲ. ಹಳೀ ಬಾವಿ ದಾಟಿದ್ದ ಅಷ್ಟ... ಹಿಂದ ಸಪ್ಪಳ.

ಗುಡ್... ಗುಡ್... ಗುಡ್...

ಗಾಡಿ ನಿಂತಲ್ಲೇ ಇಂಜಿನ್ ಬಿಸಿ ಮಾಡೋ ಸಪ್ಪಳ. ಚಾವಿ ನೋಡಿದ್ರ ಅವನ ಕಿಸೇದಾಗ.

ತಡಿ, ಮೊದ್ಲು ಕರೆಮ್ಮನ ಸುದ್ದಿ ಹೇಳ್ಬೇಕು. ಆಕಿ ಹಾಲೇಶನ ದೊಡ್ಡವ್ವ. ತಾಯಿ ಸತ್ತ ಮ್ಯಾಲ ಇವನ್ನ ಜ್ವಾಪಾನ ಮಾಡಿದಾಕಿ. ಉಣ್ಣಿ ತಾನೇ ನೂತು ಇವಂಗೊಂದು ಕರೀ ಕಂಬಳಿ ನೇಯಿಸಿ ಕೊಟ್ಟಿದ್ಲು. ಇವ ಅದನ್ನ ಒಯ್ದು ಜೀಪಿನ ಬಾನೆಟ್ಟಿಗೆ ಹೊಚ್ಚಿದ! ಚಳಿಗಾಲದಾಗ ದಿನಾ ರಾತ್ರಿ ಅದೇ ಉಪಚಾರ. ಒಮ್ಮೆ ಇಂಜಿನ್ ಕೆಟ್ಟು ತಿಂಗಳಗಟ್ಲೆ ಮನ್ಯಾಗ ಕುಂತಿದ್ದ, ಆ ಅಂಜಿಕಿ. ಮುಂಜಾನಿ ಸ್ಟಾರ್ಟ್ ಮಾಡಿದ ಮ್ಯಾಲೂ, ಬಿಸಿ ತೋರಿಸೋ ಮೀಟರಿನ ಮುಳ್ಳು ಏಳೋತನ ಗಾಡಿ ಕದಲಸ್ತಿದ್ದಿಲ್ಲ. ಕುಂತ ಮಂದಿ ಬೈದ್ರೂ ಅಷ್ಟೇ. ಹೆಂಡ್ತಿ ಭಾಗ್ಯಜ್ಯೋತಿ ನಗ್ತಿದ್ಲು, ನಾನು ಜೀಪಾಗಿ ಹುಟ್ಟಬೇಕಿತ್ತು ಅಂತ.

ಆ ಅಮಾಸಿಗಿಂತ ಸ್ವಲ್ಪ ದಿನ ಮೊದ್ಲು, ನಸುಕಿನ್ಯಾಗ, ಕರೆಮ್ಮಗ ಎದಿ ಹಿಡೀತು. ರಾಯಚೂರಿಗೆ ಒಯ್ಯಬೇಕು. ಗಂಡ ಹೆಂಡ್ತಿ ಎತ್ತಿ ತಂದು ಜೀಪಿನ ಹಿಂದಿನ ಮೂಲಿ ಸೀಟಿಗೆ ಕುಂದ್ರಿಸಿದ್ರು. ಹಾಲೇಶ ಸ್ಟಾರ್ಟ್ ಮಾಡಿದ. ಮಾಡಿ... ಸುಮ್ನ ಕುಂತ. ಮುಳ್ಳು ಏಳಬೇಕಲ್ಲ. ಬಿಸಿ ಲಗೂನ ಹಿಡೀಲಿ ಅಂತ ಬಾನೆಟ್ಟಿನ ಕಂಬಳೀನೂ ತೆಗೀಲಿಲ್ಲ. ಹಿಂದ ಮುದುಕಿ ಬರೇ ಸೀರಿ ಮ್ಯಾಲ. ಹಲ್ಲು ಕಟಕಟ ಅನ್ನಾಕತ್ತಿದ್ವು. ಹೋಗಮು ಹೋಗಮು ಅಂತ ಭಾಗ್ಯಜ್ಯೋತಿ ಬಡಕೊಂಡ್ಲು. ಹಾದ್ಯಾಗ ಇಂಜಿನ್ ಹಿಡಕೊಂಡ್ರ ನೀನು ದಬ್ಬತೀಯೇನು ಅಂತ ಆಕೀಗೇ ಬೈದ. ಕರೆಮ್ಮ ಸಿಟ್ಟಿಗೇಳಲಿಲ್ಲ. ಮೆತ್ತಗ ಕೇಳಿದ್ಲು.

"ಬಿಸಿ ಆತೇನಪ್ಪಾ?"

"ಇನ್ನೊಂದೀಟು, ಯವ್ವಾ."

ಮತ್ತ ಕೇಳಿದ್ಲು. ಇವ ಮತ್ತ ಅದನ್ನೇ ಅಂದ. ಆಮ್ಯಾಲ ಆಕಿ ಕೇಳಲಿಲ್ಲ... ಮುಳ್ಳು ಎದ್ದಾಗ ಭಾಗ್ಯಜ್ಯೋತಿ ಅಳಾಕತ್ತಿದ್ಲು.

ಮಣ್ಣು ಮಾಡುವಾಗ ಮೈಮ್ಯಾಲ ಆಕಿ ನೂತ ಕಂಬಳೀನೇ ಹಾಕ್ರಿ ಅಂತ ಹಿರ್ಯಾರು ಅಂದ್ರು. ಅದಕ್ಕ ಆಯಿಲ್ ಹತ್ತಿತ್ತು. ನಾಲ್ಕು ಮಂದಿ ಮುಂದ ತರಾಕ ಇವಂಗ ನಾಚಿಕಿ. ಅಂಗಡಿ ಬ್ಲಾಂಕೆಟ್ ತಂದು ಹೊಚ್ಚಿದ. ಅವತ್ತು ರಾತ್ರಿ ಕಂಬಳಿ ಮತ್ತ ಜೀಪಿಗೇ ಹೋತು.

ಈಗ ಬಾವಿ ಹತ್ರ ಬಾ. ಹಾಲೇಶ ತಿರುಗಿ ನೋಡಿದ. ಜೀಪು ನಿಂತಲ್ಲೇ ಅಲುಗಾಡಾಕತ್ತಿತ್ತು. ಲೈಟ್ ಇಲ್ಲ. ಹತ್ರ ಹೋದ. ಆಗಷ್ಟೇ ಹೊಚ್ಚಿ ಬಂದ ಕಂಬಳಿ ಬಾನೆಟ್ ಮ್ಯಾಲ ಇಲ್ಲ. ಕೈ ಇಟ್ಟ... ತಣ್ಣಗ. ರಾಯಚೂರಿನಿಂದ ಓಡಿ ಬಂದ ಇಂಜಿನ್, ಇನ್ನೂ ಓಡಾಕತ್ತಿದ್ದ ಇಂಜಿನ್, ಬಾವಿ ನೀರಿನಷ್ಟು ತಣ್ಣಗ. ಹಿಂದ ಸೀಟಿನ ಸ್ಪ್ರಿಂಗ್ ಕಿರ್... ಅಂತು. ಯಾರೋ ಸರಿದು ಕುಂತಂಗ.

"ಬಿಸಿ ಆತೇನಪ್ಪಾ?"

ಆತು ಯವ್ವಾ, ಹೋಗಮು ಅಂದಿದ್ರ ಮುಗೀತಿತ್ತು. ಅಷ್ಟು ಅನ್ನಾಕ ಬಾಯಿ ಬರಲಿಲ್ಲ ಅಂತ ನನ್ನ ಮುಂದ ಹೇಳಿ ಅತ್ತ. ಸ್ವಲ್ಪ ಹೊತ್ತಿಗೆ ಇಂಜಿನ್ ತಾನೇ ಬಂದ್ ಆತು. ಕಂಬಳಿ ಆಮ್ಯಾಲ ಎಲ್ಲೂ ಸಿಗಲಿಲ್ಲ.

ಅವತ್ತಿನಿಂದ ಮೀಟರಿನ ಮುಳ್ಳು ಏಳಂಗಿಲ್ಲ. ಮಾನ್ವಿಗೆ ಒಯ್ದು ಮೆಕ್ಯಾನಿಕ್ ರಿಹಾನ್‌ಗ ತೋರಿಸಿದ. ಅವ ಬಿಚ್ಚಿ ನೋಡಿದ, ಇಂಜಿನ್ ಬಿಸಿ ಹಿಡಿದಿಡೋ ವಾಲ್ವ್ ಹೊಸದು ಹಾಕಿದ, ಮೀಟರೂ ಬದಲಿ ಮಾಡಿದ. ಎಲ್ಲಾ ಬರೋಬರಿ ಅದ, ಬಿಸಿ ಎಲ್ಲಿ ಹೋಗ್ತದೋ ತಿಳೀವಲ್ದು ಅಂದ. ಬರೋ ಮುಂದ ಹಾಲೇಶಗ ಇನ್ನೊಂದು ಮಾತು ಹೇಳಿದ.

"ನಮ್ಮ ಕಡಿ ಚಳಿಗೆ ಅಷ್ಟೊತ್ತು ಯಾಕ ನಿಲ್ಲಿಸ್ತಿ ಭಾಯ್? ಸಾವಕಾಶ ಹೊಂಟ್ರ ಹಾದ್ಯಾಗೇ ಬಿಸಿ ಆಗ್ತದ."

ಹಾಲೇಶ ರೊಕ್ಕ ಕೊಟ್ಟು ಗಾಡಿ ಹತ್ತಿದ. ಈಗ ಯಾರು ಕರದ್ರೂ ಕೂಡ್ಲೇ ಹೊಂಡ್ತಾನ. ಮುದುಕಿ ಹೋದ ಮ್ಯಾಲ ಯಾರಿಗೆ ಬೇಕಾಗ್ಯಾದ ಈಗ.

ಈ ಸಲದ ಚಳ್ಯಾಗ ದೇವದುರ್ಗ ಸಂತಿಗೆ ಹೋಗೋ ಮುದುಕ್ಯಾರು ಆ ಜೀಪಿನ ಹಿಂದಿನ ಮೂಲಿ ಸೀಟಿಗೆ ಜಗಳಾಡ್ತಾರ. ಅವರಿಗೆ ಇದ್ಯಾವ್ದೂ ಗೊತ್ತಿಲ್ಲ. ನಸುಕಿನ್ಯಾಗ, ಯಾರೂ ಹತ್ತೋದಕ್ಕಿಂತ ಮೊದ್ಲು, ಆ ಸೀಟು ಬೆಚ್ಚಗ ಇರ್ತದ. ಸುಳ್ಳಲ್ಲ. ಮೊನ್ನಿ ನಾನೇ ಕೈ ಇಟ್ಟು ನೋಡೀನಿ.